ಹಗುರದ ಖುಕುರಿಯೇ ಕೈ ಸೋಲಿಸುತ್ತಿದೆ, ಭಾರದ್ದು ಅಲ್ಲ. ಯಾಕೆ?

ಸೊಪ್ಪಿನಬೆಟ್ಟ (ಶಿರಸಿ)

ನಮಸ್ಕಾರ. ನನ್ನ ಹತ್ತಿರ ಎರಡು ನೇಪಾಳಿ ಖುಕುರಿಗಳಿವೆ (ಮುಂದಕ್ಕೆ ಬಾಗಿದ ಕತ್ತಿ). ಎರಡೂ ಭಾವ ತಂದುಕೊಟ್ಟಿದ್ದು. ಅವರಿಗೆ ಸಿಲಿಗುರಿಯಲ್ಲಿ ಕೆಲಸ. ಆಗೀಗ ಕಾಕಡ್‌ಭಿಟ್ಟಾದಲ್ಲಿ ಗಡಿ ದಾಟಿ ಧರಾನ್‌ವರೆಗೆ ಹೋಗಿಬರುತ್ತಾರೆ. ಅಲಂಕಾರಕ್ಕೆ ಗೋಡೆಗೆ ನೇತುಹಾಕುವ ಮಾಲಲ್ಲ, ಕೆಲಸದ ಕತ್ತಿಗಳೇ.

ಒಂದು ಭೋಜಪುರೆ. ಅಲಗು 10 ಅಂಗುಲ, ಹೊಟ್ಟೆ (ಬಾಗಿನ ಮುಂದೆ ಉಬ್ಬಿದ ಭಾಗ) ಅಗಲ. ಬೆನ್ನು ಬುಡದಲ್ಲಿ 11 ಮಿಲಿಮೀಟರ್ ದಪ್ಪ, ಮೊನೆಯ ಹತ್ತಿರ ಬರುವಾಗ 4. ಉಕ್ಕಿನ ಪಟ್ಟಿ ಹಿಡಿಯ ಕೊನೆಯವರೆಗೂ ಹಾದಿದೆ, ಎರಡೂ ಬದಿಗೆ ಸಿಸೌ ಮರದ ಹಲಗೆ ಇಟ್ಟು ಕೀಲು ಹೊಡೆದಿದ್ದಾರೆ. ಪಾನಾವಾಲ್ ಅನ್ನುತ್ತಾರಂತೆ. ಒರೆ ಬಿಟ್ಟು 720 ಗ್ರಾಂ.

ಇನ್ನೊಂದು ಸಿರುಪಾತೆ. 12 ಅಂಗುಲ, ಸಪೂರ. ಬೆನ್ನು ಬುಡದಲ್ಲಿ 8 ಮಿಲಿಮೀಟರ್, ಬಾಗು ದಾಟಿದ ಮೇಲೂ 7 ಇದೆ. ಹಿಡಿ ಮರದ್ದು, ಒಳಗೆ ಸಣ್ಣ ಬಾಲ ಮಾತ್ರ ಹೋಗಿ ಅರಗಿನಲ್ಲಿ ಕೂತಿದೆ. 610 ಗ್ರಾಂ. ಅಡುಗೆಮನೆ ತಕ್ಕಡಿಯ ಲೆಕ್ಕ ಇದು.

ಪೆನ್ಸಿಲ್ ಮೇಲಿಟ್ಟು ತೂಗಿಸಿ ನೋಡಿದೆ. ಹಿಡಿಯ ಬುಡದ ಹಿತ್ತಾಳೆ ಬಳೆಯಿಂದ ಭೋಜಪುರೆ 2 ಅಂಗುಲ ಮುಂದೆ ತೂಗಿ ನಿಲ್ಲುತ್ತದೆ, ಸಿರುಪಾತೆ ನಾಲ್ಕೂಕಾಲು ಅಂಗುಲ ಮುಂದೆ.

ಬೆಟ್ಟದಲ್ಲಿ ಸೊಪ್ಪು ಸವರುವುದು, ಬೇಲಿ ಬಿಡಿಸುವುದು, ಗೂಟ ಚೂಪು ಮಾಡುವುದು, ಇಷ್ಟೇ ನನ್ನ ಕೆಲಸ. ಹಗುರ ಅಂತ ಸಿರುಪಾತೆ ಒಯ್ದರೆ ಅರ್ಧ ಗಂಟೆಗೆ ಮಣಿಕಟ್ಟು ಸೋಲುತ್ತದೆ. ಒಣ ಗೂಟಕ್ಕೆ ಹೊಡೆದರಂತೂ ಅಂಗೈ ಜುಮ್ ಅನ್ನುತ್ತದೆ. ಭಾರದ ಭೋಜಪುರೆಯಲ್ಲಿ ಈ ಎರಡೂ ತಾಪತ್ರಯ ಇಲ್ಲ. ಸಿರುಪಾತೆಯ ಹದ ತಪ್ಪಿದೆಯೋ? ಹಿಡಿ ಸರಿ ಇಲ್ಲವೋ? ಭಾವ ದಸರೆಗೆ ಮುಂಚೆ ಮತ್ತೆ ಧರಾನ್ ಕಡೆ ಹೋಗುವವರಿದ್ದಾರೆ. ಇನ್ನೊಂದು ತರಿಸುವುದಾದರೆ ಏನು ನೋಡಿ ತರಲು ಹೇಳಲಿ?

---

ಕತ್ತಿವರಸೆ_07

ಸಿಂಪಲ್ ಗುರು. ಖುಕುರಿ ಅಂದ್ರೆ ಭಾರ ಇರ್ಬೇಕು. ಹಗುರ ಇರೋದೆಲ್ಲ ಟೂರಿಸ್ಟ್ ಪೀಸ್. 12 ಮಿಮೀ ಬೆನ್ನಿರೋ ಅಂಗ್‌ಖೋಲಾ ನಮೂನೆ ಖುಕುರಿ ತರ್ಸಿ, ಮುಗೀತು. ಮತ್ತೆ ಒಂದು ವಿಷ್ಯ, ಒರೆಯಿಂದ ತೆಗೆದ್ರೆ ರಕ್ತ ತೋರಿಸ್ದೆ ವಾಪಸ್ ಹಾಕ್ಬಾರ್ದಂತೆ, ಗೂರ್ಖಾಗಳ ರೂಲ್. ಸೊಪ್ಪು ಕಡಿಯೋಕೆ ಅದನ್ನ ಬಳಸೋದು ಸ್ವಲ್ಪ ಅವಮಾನ ಅಲ್ವಾ?

---

ಹಳೇ ಆರ್ಮರರ್ (ಗೋಕಾಕ)

ತಮ್ಮಾ ಕತ್ತಿವರಸೆ, ಆ ರಕ್ತದ ಮಾತು ಬಿಟ್ಟಬಿಡು. ನಾ ಫೌಜಿನ ರಿಪೇರಿ ದಳ ಇಎಂಇಯೊಳಗ ಆರ್ಮರರ್ (ಹತ್ಯಾರ ರಿಪೇರಿ ಮಾಡಾಂವ) ಇದ್ದಾಂವ, ಗೋರ್ಖಾ ಪಲ್ಟನ್ನಿಗೆ ಅಟ್ಯಾಚ್ ಆಗಿ ನೌಕರಿ ಮಾಡೇನಿ. ಲಂಗರಿನ್ಯಾಗ ಉಳ್ಳಾಗಡ್ಡಿ ಹೆಚ್ಚೂದು ಖುಕುರಿಯಿಂದನ, ಮಟನ್ ಕಡಿಯೂದು ಅದರಿಂದನ, ತಂಬೂ ಗೂಟಾ ಕೆತ್ತೂದೂ ಅದರಿಂದನ. ಪ್ರತಿ ಸಲ ಅದಕ್ಕ ರಕ್ತ ಕೊಟಗೋತ ಕುಂತ್ರ ಅಡಿಗಿ ಆಗೂದು ಯಾವಾಗ? ಊರಾಗ ಅವರ ಮನಿ ಹೆಣ್ಣಮಕ್ಕಳು ದನಕ್ಕ ಸೊಪ್ಪು ಕಡಿಯೂದೂ ಇದರಿಂದನ. ಅವಮಾನ ಎಲ್ಲಿಂದ ಬಂತು?

ಈ ಹೆದರಿಕಿ ಕಥಿ ಎಲ್ಲಾ 1814ರ ಇಂಗ್ಲಿಷ್-ನೇಪಾಳಿ ಯುದ್ಧದ ನಂತರ ಇಂಗ್ಲಿಷರ ಬಾಯಾಗ ಬೆಳದದ್ದು. ಆ ವರ್ಷ ಡೆಹ್ರಾಡೂನ್ ಹತ್ತರದ ನಾಲಾಪಾನಿಯೊಳಗ ಬಲಭದ್ರ ಕುಂವರ್‌ನ ಸಣ್ಣ ದಂಡು ಕಂಪನಿ ಫೌಜನ್ನ ತಡದ ನಿಲ್ಲಿಸ್ತು, ಜನರಲ್ ಗಿಲೆಸ್ಪಿ ಅಲ್ಲೇ ಸತ್ತ. 1806ರಾಗ ವೆಲ್ಲೂರ ಕೋಟಿಯೊಳಗ ಸಿಪಾಯಿಗಳ ದಂಗೆ ತುಳದಾಂವ ಇದ ಗಿಲೆಸ್ಪಿ; ಟಿಪ್ಪುವಿನ ಮಕ್ಕಳನ್ನ ಇಟ್ಟಿದ್ರಲ್ಲ, ಆ ಕೋಟಿ. ಖರೇ ಹೇಳಬೇಕಂದ್ರ ಅಂವ ಸತ್ತದ್ದು ಬಂದೂಕಿನ ಗುಂಡಿಗೆ, ಖುಕುರಿಗಲ್ಲ. ಇರ್ಲಿ.

ಈಗ ಅಣ್ಣಾರ, ನಿಮ್ಮ ಪ್ರಶ್ನಿಗೆ ಬರ್ತೇನಿ. ಅಳತಿ ಕೊಟ್ಟು ಕೇಳೀರಿ, ಅದಕ್ಕ ಭಾಳ ಖುಷಿ ಆತು. ಎಲ್ಲಾರೂ ಫೋಟೋ ಹಾಕಿ "ಹೆಂಗೈತಿ" ಅಂತಾರ, ಅದರಾಗ ಹೇಳಾಕ ಏನೂ ಬರೂದಿಲ್ಲ.

ತಕ್ಕಡಿಯೊಳಗಿನ ತೂಕಾನ ಬ್ಯಾರೆ, ಕೈ ಹೊರೂ ತೂಕಾನ ಬ್ಯಾರೆ. ತುಂಬಿದ ಕೊಡ ಬಗಲಾಗ ಹೊತ್ಗೊಂಡು ಹೋಗಬಹುದು, ಅರ್ಧಾ ಕೊಡ ಗಳದ ತುದಿಗೆ ಕಟ್ಟಿ ಒಂದ ಕೈಲೆ ಎತ್ತಿ ನೋಡ್ರಿ. ನಿಮ್ಮ ಅಂಕಿನ ಹಿಡೀತೇನಿ. ಮುಷ್ಟಿ ನಡುವಿನಿಂದ ಹಿತ್ತಾಳಿ ಬಳಿತನಕ ಸುಮಾರು 2 ಇಂಚು. ಭೋಜಪುರೆ ತೂಗಿ ನಿಲ್ಲೂ ಜಾಗಾ ಮುಷ್ಟಿಯಿಂದ 4 ಇಂಚಾತು. 720 ಗುಣಿಲೆ 4, ಅಂದ್ರ 2880. ಸಿರುಪಾತೆದು ಆರೂಕಾಲು ಇಂಚು. 610 ಗುಣಿಲೆ 6.25, ಹತ್ತತ್ರ 3812. 110 ಗ್ರಾಂ ಕಡಿಮಿ ಇದ್ದ ಕತ್ತಿ ನಿಮ್ಮ ಮಣಿಕಟ್ಟನ್ನ ಮೂರರಾಗ ಒಂದು ಪಾಲು ಹೆಚ್ಚು ಜಗ್ಗತೈತಿ ನೋಡ್ರಿ. ಅದೂ ಸುಮ್ನ ಅಡ್ಡ ಹಿಡಕೊಂಡು ನಿಂತಾಗ. ಬೀಸಾಕ ನಿಂತ್ರ ಲೆಕ್ಕ ಇನ್ನೂ ಬಿಗಿ ಆಗತೈತಿ, ಯಾಕಂದ್ರ ತೂಕ ಎರಡು ಪಟ್ಟು ದೂರ ಹೋದ್ರ ಬೀಸೂದ್ರಾಗ ಅದರ ಹೊರಿ ನಾಕು ಪಟ್ಟು. ಸಿರುಪಾತೆ ಎತ್ತೂದಕ್ಕಿಂತ, ಬೀಸಿ ನಿಲ್ಲಿಸಿ ಮತ್ತ ಹಿಂದ ತರೂದು ತ್ರಾಸು. ನಿಮ್ಮ ಕೈ ಸೋಲೂದು ಅಲ್ಲೆ.

ಹಿಂಗ ಯಾಕಾತು ಅಂತ ನೀವ ಬರದೀರಿ. ಭೋಜಪುರೆಯೊಳಗ ಪಾನಾವಾಲ್ ಪಟ್ಟಿ ಹಿಡಿ ತುಂಬ ಐತಿ, ಹಿಂದ ತೂಕ ಕೂತೈತಿ. ಮುಖ್ಯ ಕಾರಣ ಅದಲ್ಲ. ಅದರ ಬೆನ್ನು 11ರಿಂದ 4ಕ್ಕ ಇಳದೈತಿ. ಸಿರುಪಾತೆದು 8ರಿಂದ 7ಕ್ಕ, ಅಂದ್ರ ಇಳದಿಲ್ಲ ಅಂತನ ಲೆಕ್ಕ. ಮೊನಿ ಕಡೆ ಯಾವ ಕೆಲಸಾನೂ ಇಲ್ದ ಕಬ್ಬಿಣ ಕುಂತೈತಿ. ಚಲೋ ಕಾಮಿ (ಅವರ ಕಂಬಾರರಿಗೆ ಹಂಗ ಅಂತಾರ) ಬಡಕೋತ ಬೆನ್ನನ್ನ ಮೊನಿತನಕ ಇಳಸತಾನ. ಪ್ಯಾಟಿ ಗಡಬಡಿಯೊಳಗ ಮಾಡಿದ್ದಕ್ಕ ಲಾರಿ ಪಾಟಾ (ಸ್ಪ್ರಿಂಗಿನ ಪಟ್ಟಿ) ಹೆಂಗಿತ್ತು ಹಂಗ ಬಿಟ್ಟು ಆಕಾರ ಅಷ್ಟ ಕೊಯ್ದಿರ್ತಾರ. ಲಾರಿ ಪಾಟಾದ ಉಕ್ಕಿನ ಮ್ಯಾಲ ನಂದೇನೂ ತಕರಾರಿಲ್ಲ, ಖುಕುರಿಗೆ ಅದಕ್ಕಿಂತ ಚಲೋದು ಬೇಕಾಗಿಲ್ಲ. ಬಡೀಬೇಕು, ಅಷ್ಟ.

ಹಳೇ ಕಾಲದ್ದು ನೋಡಿದ್ರ ಇದು ತಿಳೀತೈತಿ. 2003ರಾಗ ಕಾಠ್ಮಂಡುವಿನ ಹಳೇ ಶಸ್ತ್ರಾಗಾರದ ಸಾಮಾನು ಅಮೆರಿಕದ ವ್ಯಾಪಾರಿಗಳು ತಗೊಂಡ್ರು, 19ನೇ ಶತಮಾನದ ಫೌಜಿನ ಉದ್ದಲಗಿನ ಖುಕುರಿ ರಾಶಿಗಟ್ಟಲೆ ಹೊರಗ ಬಂದವು. ಅಂಥಾದ್ದೊಂದು ನಮ್ಮ ಸಾಹೇಬರೊಬ್ಬರ ಕಡೆ ಇತ್ತು, ಹಿಡದ ನೋಡೇನಿ. ನಿಮ್ಮ ಸಿರುಪಾತೆಗಿಂತ ಉದ್ದ. ಹಿಡಿ ಸಣ್ಣದು, ನನ್ನ ಮುಷ್ಟಿಗೆ ಸಾಲೂದಿಲ್ಲ. ಆದ್ರ ಬೀಸಿದ್ರ ಎಲ್ಲಿ ಬೇಕಲ್ಲಿ ನಿಲ್ಲತೈತಿ. ಮೊನಿ ಕಡೆ ಬೆನ್ನು ಅಷ್ಟು ತೆಳ್ಳಗ. ಲಡಾಯಿಗೆ ಅಂತ ಮಾಡಿದ್ದನ್ನ ಅವರು ಹಗುರ ಮಾಡಿದ್ರು. ಈಗಿನ ಹುಡುಗ್ರು 12 ಮಿಲಿಮೀಟರ್ ಬೆನ್ನು ಕೇಳ್ತಾರ. ಅಂಗ್‌ಖೋಲಾದಾಗ ಬೆನ್ನಿನ ಬಾಜೂಕ ತೋಡಿದ ಕಾಲುವಿ ಇರೂದ ತೂಕ ಇಳಸಾಕ, ತೀನ್ ಚಿರಾದ ಮೂರ ಗೀರಿಗೂ ಕೆಲಸ ಅದ. ಅದರ ಮ್ಯಾಲ ದಪ್ಪ ಬೆನ್ನು ಇಟ್ರ ಕಾಲುವಿ ಶೋಕಿಗೆ ಆತು.

ಇನ್ನ ಅಂಗೈ ಜುಮ್ ಅನ್ನೂದು. ಇದು ಹದದ ಮಾತಲ್ರಿ, ಹೊಡಿಯೂ ಜಾಗಾದ್ದು. ಪ್ರತಿ ಕತ್ತಿಯೊಳಗ ಒಂದು ಜಾಗಾ ಇರತೈತಿ, ಅಲ್ಲೆ ಪೆಟ್ಟು ಬಿದ್ರ ಕೈಗೆ ಏನೂ ಹೊಳ್ಳಿ ಬರೂದಿಲ್ಲ. ಅದರ ಹಿಂದಾಗ್ಲಿ ಮುಂದಾಗ್ಲಿ ಬಿದ್ರ ಹಿಡಿ ಕೈಯಾಗ ಒದೀತೈತಿ. ಕ್ರಿಕೆಟ್ ಆಡೂ ಹುಡುಗ್ರಿಗೆ ಗೊತ್ತಿರತೈತಿ. ಮನಿಯಾಗ ಹುಡಕಬಹುದು, ಹೆಂಗಂದ್ರ:

ಹಿಡಿಯನ್ನ ಮುಷ್ಟಿ ನಡು ಬರೂ ಜಾಗಾದಾಗ ಎರಡ ಬೆರಳಲೆ ಸಡಲ ಹಿಡೀರಿ, ಮೊನಿ ತಳಗ. ಕಾಲು ದೂರ ಇಟಗೋರಿ, ಕೆಳಗ ಗೋಣಿಚೀಲ ಹಾಸ್ರಿ. ಧಾರಿ ಯಾ ಕಡೆ ಐತೋ ಆ ದಿಕ್ಕಿಗೆ ಜರಾ ತೂಗಾಡಸ್ರಿ, ಬಾಜೂಕಲ್ಲ. ಇನ್ನೊಬ್ಬರ ಕಡೆ ದಾರಕ್ಕ ಒಂದು ನಟ್ ಕಟ್ಟಿ ಕೊಡ್ರಿ, ಅದೂ ನಿಮ್ಮ ಬೆರಳಿನ ಎತ್ತರದಿಂದನ ತೂಗಲಿ. ನಟ್ ಲಗು ತೂಗಿದ್ರ ದಾರ ಬಿಡ್ರಿ, ತಡಾ ಮಾಡಿದ್ರ ಜಗ್ರಿ. ಎರಡೂ ಜೋಡಿ ಆಗಿ ತೂಗಿದಾಗ ನಟ್ ಅಲಗಿನ ಮ್ಯಾಲ ಎಲ್ಲಿ ಬರತೈತೋ ಅಲ್ಲೆ ಸೀಮಿಸುಣ್ಣದ ಗುರುತು ಹಾಕ್ರಿ. ಒದಿ ಇಲ್ಲದ ಜಾಗಾ ಅದ. ಚಲೋ ಖುಕುರಿಯೊಳಗ ಅದು ಹೊಟ್ಟಿ ಮ್ಯಾಲ ಅಥವಾ ಹೊಟ್ಟಿ ಹತ್ತರನ ಬರತೈತಿ. ಆ ಹೊಟ್ಟಿ ಅಗಲ, ತಲಿ ತಳಗ ಬಗ್ಗಿದ್ದು, ಎಲ್ಲಾ ಅಲ್ಲೆ ಹೊಡೀಲಿ ಅಂತನ ಇಟ್ಟದ್ದು. ತಲಿ ಬಗ್ಗಿದ್ದಕ್ಕ ಮಣಿಕಟ್ಟು ನೆಟ್ಟಗ ಇದ್ದಾಗನ ಧಾರಿ ಮುಟ್ಟತೈತಿ. ನೆಟ್ಟನ ಕತ್ತಿಗೆ ಕೈ ಮುರದು ಹೊಡೀಬೇಕು.

ಎರಡೂದಕ್ಕೂ ಅಳದು ಬರೀರಿ. ಆಮ್ಯಾಲ ಮಾತಾಡೂಣು.

ಒಂದು ಮರತಿದ್ದೆ. ಒರಿಯಿಂದ ಜಗ್ಗೂವಾಗ ಎಡಗೈ ಬೆರಳು ಒರಿ ಸುತ್ತ ಧಾರಿ ಕಡೆ ಬರಬಾರದು. ಒರಿ ಎರಡು ಮರದ ಹೋಳು, ಮ್ಯಾಲ ಚರ್ಮ. ಹೊಲಿಗಿ ಸಡಲ ಆಗಿದ್ರ ಧಾರಿ ಹೋಳಿನ ನಡುವ ಹೊರಗ ಬಂದು ಬೆರಳಿಗೆ ಹತ್ತತೈತಿ. ಬೆನ್ನಿನ ಕಡೆಯಿಂದ ಹಿಡೀರಿ. ರಂಗರೂಟರಿಗೆ ಉಸ್ತಾದ್ ಮೊದಲ ದಿನಾನ ಹೇಳೂದಿದು.

---

ಕಾಫಿತೋಟ (ನಾಪೋಕ್ಲು)

ಆರ್ಮರರ್ ಸರ್ ಬರೆದದ್ದು ಓದಿ ನಮ್ಮ ಕೊಡವರ ಒಡಿಕತ್ತಿ ಇಳಿಸಿ ಪೆನ್ಸಿಲ್ ಮೇಲಿಟ್ಟೆ. ಖುಕುರಿಗಿಂತ ಇನ್ನೂ ಬಹಳ ಮುಂದೆ ತೂಗಿ ನಿಲ್ಲುತ್ತದೆ. ಒಡಿಕತ್ತಿಯ ಧಾರೆ ಒಳಬಾಗಿನಲ್ಲಿ, ಮುಂಭಾಗ ಅಗಲ, ಹಿಡಿ ಸಣ್ಣದು. ಹಿಂದಕ್ಕೆ ತೂಕ ತರುವ ಪ್ರಯತ್ನವನ್ನೇ ಯಾರೂ ಮಾಡಿಲ್ಲ. ಆದರೂ ಅದನ್ನು ಕೆಟ್ಟ ಕತ್ತಿ ಅನ್ನಲಾಗದು, ಯಾಕೆಂದರೆ ಅದರ ಕೆಲಸ ಒಂದೇ ಪೆಟ್ಟಿನದು. ಮದುವೆಯಲ್ಲಿ ಬಾಳೆ ಕಡಿಯುವವರನ್ನು ನೋಡಿ: ಎತ್ತುತ್ತಾರೆ, ಓರೆಯಾಗಿ ಬಿಡುತ್ತಾರೆ, ದಿಂಡು ಎರಡಾಗುತ್ತದೆ. ಮುಂದಿನ ದಿಂಡಿಗೆ ನಾಲ್ಕು ಹೆಜ್ಜೆ ನಡೆಯುವಷ್ಟು ಬಿಡುವಿದೆ. ಅರ್ಧ ಗಂಟೆ ಬೇಲಿ ಸವರು ಅಂದರೆ ಯಾರ ಕೈಯೂ ಉಳಿಯದು. ಹೊರುವುದೂ ಬೆನ್ನ ಹಿಂದೆ ತೋಡಂಗ್ ಅನ್ನುವ ಲೋಹದ ಕೊಕ್ಕೆಗೆ ಸಿಕ್ಕಿಸಿ, ಒರೆ ಇಲ್ಲದೆ. ತೋಟದ ದಿನದ ಕೆಲಸಕ್ಕೆ ನಾವೂ ಬೇರೆ ಕತ್ತಿಯನ್ನೇ ಹಿಡಿಯುತ್ತೇವೆ. ಒಡಿಕತ್ತಿ ಕೈಲ್‌ಪೊಳ್ದ್ ಹಬ್ಬದ ಆಯುಧಪೂಜೆಗೆ ಇಳಿಯುತ್ತದೆ, ಮದುವೆಗೆ ಇಳಿಯುತ್ತದೆ.

ಖುಕುರಿಯಲ್ಲೂ ಇಂಥ ಭೇದ ಇರಬೇಕಲ್ಲ ಸರ್? ನೇಪಾಳದ ದಸರೆ ದಸೈಂನಲ್ಲಿ ಕೋಣ ಕಡಿಯುವ ದೊಡ್ಡ ಖುಕುರಿಯ ಚಿತ್ರ ನೋಡಿದ್ದೇನೆ.

ಶಿರಸಿಯವರಿಗೆ ಇನ್ನೊಂದು ಮಾತು. ನಿಮ್ಮ ಕಡೆಯ ಕೊಕ್ಕಿನ ಕತ್ತಿ ಕೊಂಬೆಗೆ ಸಿಕ್ಕಿಸಿ ತನ್ನತ್ತ ಎಳೆಯುವಂಥದ್ದು. ಖುಕುರಿಗೆ ಕೊಕ್ಕಿಲ್ಲ. ಮರದ ಮೇಲೆ ಕೂತು ಸೊಪ್ಪು ಸವರಲು ಅದು ಬೇಡವೇ ಬೇಡ. ನೆಲದ ಮೇಲಿನ ಕೆಲಸಕ್ಕೆ ಸರಿ.

---

ಲೇತ್_ಮಂಜ (ಪೀಣ್ಯ)

ಇಷ್ಟೆಲ್ಲ ಯಾಕೆ ಸರ್? ಹಿಡಿ ಹಿಂದೆ ಒಂದು 150 ಗ್ರಾಂ ಹಿತ್ತಾಳೆ ಟೋಪಿ ಕೂರಿಸಿದ್ರೆ ಬ್ಯಾಲೆನ್ಸ್ ಪಾಯಿಂಟ್ ತಾನಾಗೇ ಹಿಂದೆ ಬರುತ್ತೆ. ಲೇತ್‌ನಲ್ಲಿ ಹತ್ತು ನಿಮಿಷದ ಕೆಲಸ.

---

ಸೊಪ್ಪಿನಬೆಟ್ಟ (ಶಿರಸಿ)

ಮಗಳನ್ನು ದಾರ ಹಿಡಿಯಲು ನಿಲ್ಲಿಸಿಕೊಂಡು ತೂಗಿ ನೋಡಿದೆ. ಭೋಜಪುರೆಯಲ್ಲಿ ಗುರುತು ಬಳೆಯಿಂದ ಐದೂವರೆ ಅಂಗುಲಕ್ಕೆ ಬಂತು, ಹೊಟ್ಟೆ ಶುರುವಾಗುವಲ್ಲೇ. ಸಿರುಪಾತೆಯಲ್ಲಿ ಹತ್ತಿರ ಹತ್ತಿರ 8 ಅಂಗುಲ.

ಆಮೇಲೆ ಎರಡರ ಬಾಯಿಗೂ ಮಸಿ ಬಳಿದು ಗೂಟಕ್ಕೆ ಹೊಡೆದು, ಮಸಿ ಎಲ್ಲಿ ಹೋಗಿದೆ ನೋಡಿದೆ. ಎರಡರಲ್ಲೂ ನಾನು ಹೊಡೆಯುವುದು 5ರಿಂದ 6 ಅಂಗುಲದ ನಡುವೆ! ಮನೆಯ ಕತ್ತಿಯ ಅಭ್ಯಾಸ ಅಂತ ಕಾಣುತ್ತದೆ, ಕೈಗೆ ಅಷ್ಟೇ ದೂರ ಗೊತ್ತು. ಸಿರುಪಾತೆಯಲ್ಲಿ ಬೇಕೆಂದೇ ಮುಂದೆ, 8ರ ಹತ್ತಿರ ಹೊಡೆದರೆ ಅಂಗೈಗೆ ಏನೂ ತಾಗುವುದಿಲ್ಲ. ಒಣ ಹೊನ್ನೆ ಗೂಟಕ್ಕೂ ಹೊಡೆದು ನೋಡಿದೆ.

ಜುಮ್ ಹೋಯಿತು, ಸೋಲು ಹೋಗಿಲ್ಲ. ಮಂಜ ಅವರ ಹಿತ್ತಾಳೆ ಟೋಪಿ ಹಾಕಿಸಲಾ? ಅಥವಾ ಬೆನ್ನಿನ ಕಬ್ಬಿಣವನ್ನೇ ತೆಗೆಸಲಾ? ನಮ್ಮೂರ ವೆಲ್ಡಿಂಗ್ ಅಂಗಡಿಯಲ್ಲಿ ಗ್ರೈಂಡರ್ ಇದೆ.

---

ಹಳೇ ಆರ್ಮರರ್ (ಗೋಕಾಕ)

ಮಸಿ ಬಳದು ನೋಡಿದ್ದು ಭಾರಿ ಕೆಲಸ ಅಣ್ಣಾರ. ನಾವು ಬಂದೂಕಿನ ಬೋಲ್ಟ್ ಎಲ್ಲಿ ತಿಕ್ಕತೈತಿ ಅಂತ ನೋಡಾಕ ಇದನ್ನ ಮಾಡತಿದ್ವಿ.

ಮಂಜಣ್ಣ, ನಿಮ್ಮ ಟೋಪಿ ಹಾಕಿದ್ರ ಪೆನ್ಸಿಲ್ ಮ್ಯಾಲ ಅಂಕಿ ಚಂದ ಬರತೈತಿ, ಕೈಗೆ ಬರೂದಿಲ್ಲ. ಬೀಸಾಕ ತ್ರಾಸು ಕೊಡೂದು ಮುಂದಿನ ಕಬ್ಬಿಣ. ಅದು ಅಲ್ಲೇ ಕುಂತಿರತೈತಿ, ನೀವು ಹಿಂದ ಇನ್ನಷ್ಟು ಹೇರಿದ್ರಿ. ಮುಷ್ಟಿ ಹತ್ತರ ಕೂಡಿಸಿದ ತೂಕ ಬೀಸೂದನ್ನ ಹಗುರ ಮಾಡೂದಿಲ್ಲ. ತೂಗಿ ನಿಲ್ಲೂ ಜಾಗಾ ಒಂದನ್ನ ನೋಡಿ ಕತ್ತಿ ತಗೊಳ್ಳಾರ್ದು ಅಂತ ನಾ ಹೇಳೂದು ಇದಕ್ಕ. ಎರಡು ಖುಕುರಿ ಒಂದ ಜಾಗಾದಾಗ ತೂಗಬಹುದು. ಒಂದರಾಗ ತೂಕ ನಡುವ ಒಟ್ಟಾಗಿರತೈತಿ, ಇನ್ನೊಂದರಾಗ ಎರಡ ತುದಿಗೆ ಹಂಚಿರತೈತಿ. ಮೊದಲಿಂದು ನೀವು ಹೇಳಿದಂಗ ಕೇಳತೈತಿ, ಎರಡನೇದು ತಾ ಹೋದಲ್ಲೆ ನಿಮ್ಮನ್ನ ಎಳೀತೈತಿ.

ಹಿಂಗಾಗಿ ಬೆನ್ನು ಇಳಸ್ರಿ. ಆದ್ರ ಗ್ರೈಂಡರ್ ಬ್ಯಾಡ. ಕಾಮಿ ಖುಕುರಿಗೆ ಹದ ಹಾಕೂದು ಪೂರ್ತಿ ಮುಳುಗಿಸಿ ಅಲ್ಲ. ಕೆಂಪಗ ಕಾಸಿ, ಕೆಟಲಿಯಿಂದ ಧಾರಿ ಗುಂಟ ನೀರು ಬಿಡತಾನ, ಹೊಟ್ಟಿ ಮ್ಯಾಲ ಹೆಚ್ಚು. ಬೆನ್ನು ತಾನಾಗೇ ನಿಧಾನ ಆರತೈತಿ. ಅದಕ್ಕ ಹೊಟ್ಟಿ ಧಾರಿ ಗಟ್ಟಿ, ಬೆನ್ನು ಮೆತ್ತಗ. ಪೆಟ್ಟು ಬಿದ್ರ ಮುರಿಯೂದಿಲ್ಲ. ಗ್ರೈಂಡರ್ ಹಿಡದ್ರ ಉಕ್ಕಿಗೆ ಮೊದಲ ಹುಲ್ಲಿನ ಹಳದಿ ಬರತೈತಿ, ಆಮ್ಯಾಲ ನೀಲಿ. ನೀಲಿ ಬಂತು ಅಂದ್ರ ಸುಮಾರು 300 ಡಿಗ್ರಿ ಮುಟ್ಟೇತಿ, ಅಲ್ಲೆ ಹದ ಇಳೀತು. ಆ ಕಾವು ಧಾರಿತನಕ ಹೋದ್ರ ಖುಕುರಿ ಕುಡಗೋಲಕ್ಕಿಂತ ಕಡೆ ಆತು. ಹಿಡಿಯೊಳಗಿನ ಅರಗೂ ಕರಗಿ ಬಾಲ ಅಲಗ್ಯಾಡಾಕ ಹತ್ತತೈತಿ. ಬಿಸಲಾಗ ಜೀಪಿನ್ಯಾಗ ಬಿಟ್ರೂ ಅರಗು ಸಡಲ ಆಗತೈತಿ, ಅದೂ ನೆನಪಿರಲಿ.

ಮೊದಲ ಹದ ನೋಡ್ರಿ. ಸಣ್ಣ ಅರ ತಗೊಂಡು ಬೆನ್ನಿನ ಮ್ಯಾಲ ಒಂದ ಸಲ ಎಳೀರಿ: ಕಚ್ಚಬೇಕು, ಪುಡಿ ಉದರಬೇಕು. ಹೊಟ್ಟಿ ಧಾರಿ ಮ್ಯಾಲ ಎಳದ್ರ ಗಾಜಿನ ಮ್ಯಾಲ ಎಳದಂಗ ಜಾರಬೇಕು. ಎರಡೂ ಕಡೆ ಕಚ್ಚಿದ್ರ ಹದ ಇಲ್ಲ, ಎರಡೂ ಕಡೆ ಜಾರಿದ್ರ ಬೆನ್ನೂ ಗಡಸು ಆಗೇತಿ, ಅಂಥಾದ್ದರಿಂದ ಒಣ ಗೂಟಾ ಕಡೀಬ್ಯಾಡ್ರಿ.

ಬೆನ್ನು ಕಚ್ಚತೈತಿ ಅಂದ್ರ ಕೆಲಸ ಸರಳ. ದೊಡ್ಡ ಅರ, ಬೆಂಚಿನ ಹಿಡಿಕಿ, ಎರಡು ಹಲಗಿ ನಡುವ ಅಲಗು. ಬಾಗಿದ ಜಾಗಾ ಮುಟ್ಟಬ್ಯಾಡ್ರಿ, ಪೆಟ್ಟಿನ ಜೋರೆಲ್ಲಾ ಹೊರೂದು ಅದು. ಬಾಗು ದಾಟಿದ ಮ್ಯಾಲ, ಬಳಿಯಿಂದ 6 ಇಂಚಿನಿಂದ ಶುರು ಮಾಡಿ ಮೊನಿತನಕ, ಎರಡೂ ಮಗ್ಗಲಾಗ ಬೆನ್ನಿನ ಕಡೆಯಿಂದ ಸಮ ಸಮ ತಗೀರಿ. ಧಾರಿ ಹತ್ತರ ಹೋಗಬ್ಯಾಡ್ರಿ. ಮೊನಿ ಹತ್ತರ ಬೆನ್ನು ನಾಕು, ನಾಕೂವರಿ ಮಿಲಿಮೀಟರಿಗೆ ಬಂದ್ರ ಸಾಕು. ನಡನಡುವ ತಕ್ಕಡಿಗೆ ಹಾಕ್ರಿ. 40 ಗ್ರಾಂ ಹೋತು ಅಂದ್ರ ನಿಲ್ಲಸ್ರಿ. ನಿಮಗ 40 ಗ್ರಾಂ ಏನ ಮಹಾ ಅನಸಬಹುದು. ಅದು ಮುಷ್ಟಿಯಿಂದ ಹತ್ತು-ಹನ್ನೊಂದು ಇಂಚು ದೂರ ಇದ್ದ ತೂಕ. ಮೊದಲ ಹಾಕಿದ ಲೆಕ್ಕದಾಗ 3812ರೊಳಗ 420 ಕಮ್ಮಿ ಆತು, ಹತ್ತರಾಗ ಒಂದು ಪಾಲಿಗಿಂತ ಜರಾ ಹೆಚ್ಚು. ಬೀಸೂದ್ರಾಗ ಅದಕ್ಕಿಂತ ಹೆಚ್ಚು ತಿಳೀತೈತಿ. ಒದಿ ಇಲ್ಲದ ಜಾಗಾನೂ ಒಂದೀಟು ಹಿಂದ ಸರೀತೈತಿ, ಮತ್ತೊಮ್ಮಿ ನಟ್ ಕಟ್ಟಿ ನೋಡ್ರಿ.

ಭೋಜಪುರೆಯಷ್ಟು ಆರಾಮ ಅದು ಎಂದೂ ಆಗೂದಿಲ್ಲ, ಆಗೂದೂ ಬ್ಯಾಡ. ಸಪೂರ ಅಲಗು ಬಿದಿರಿಗೆ, ಬಳ್ಳಿಗೆ, ಹಸಿ ಟೊಂಗಿಗೆ. ಅಲ್ಲೆ ಒಳಗ ಹೊಕ್ಕೊಂಡ ಹೋಗತೈತಿ, ಭೋಜಪುರೆ ದಪ್ಪಕ್ಕ ಸಿಕ್ಕೊಂಡ ನಿಲ್ಲತೈತಿ. ಒಣ ಗೂಟಾ ಭೋಜಪುರೆಗೆ ಬಿಡ್ರಿ.

ಹಿಡಿಯೂದೂ ನೋಡ್ರಿ. ಗಟ್ಟಿ ಹಿಡದು ಬಡಿಯೂರ ಬಾಳ. ಹಿಡಿ ನಡುವಿನ ಉಬ್ಬಿದ ಉಂಗರ ನಡುಬೆರಳು, ಉಂಗುರಬೆರಳ ಸಂದಿಯೊಳಗ ಬರಬೇಕು. ಎತ್ತೂವಾಗ ಸಡಲ, ಮುಟ್ಟೂವಾಗ ಹಿಂದಿನ ಎರಡ ಬೆರಳು ಬಿಗಿ. ನಿಮ್ಮ ಕೈ ದೊಡ್ಡದಿದ್ದು ಉಂಗರ ಚುಚ್ಚಿದ್ರ ಮರಳ ಕಾಗದಲೆ ತಿಕ್ಕಿ ಇಳಸ್ರಿ, ಯಾ ದೇವರೂ ಸಿಟ್ಟಾಗೂದಿಲ್ಲ.

ನಾಪೋಕ್ಲು ಅಣ್ಣಾರ, ನೀವಂದದ್ದು ಬರೋಬ್ಬರಿ. ದಸೈಂದಾಗ ಮೌಲೊ ಅನ್ನೂ ಬಲಿ ಕಂಬಕ್ಕ ಕಟ್ಟಿ ಕಡಿಯೂ ಖುಕುರಿ ಎರಡ ಕೈಲೆ ಹಿಡಿಯೂದು. ಉದ್ದ ಹಿಡಿ, ತಲಿ ಭಾರ, ನಿಮ್ಮ ಒಡಿಕತ್ತಿಗತೆನ ಒಂದ ಪೆಟ್ಟಿಂದು. ಕಡಿಯಾಂವ ವಾರ ಮೊದಲ ತಾಲೀಮು ಮಾಡ್ತಾನ. ಅದನ್ನ ನೋಡಿ ಕೆಲಸದ ಖುಕುರಿಯೂ ತಲಿಭಾರ ಇರಬೇಕು ಅಂತ ತಿಳದೋರು ಭಾಳ ಮಂದಿ.

ನಿಮ್ಮ ಭಾವನೋರಿಗೆ ಏನ ಹೇಳಬೇಕು ಅಂದ್ರ: ಹೆಸರು ಕೇಳಿ ತಗೋಬ್ಯಾಡ್ರಿ. ಚೈನಪುರೆ, ಭೋಜಪುರೆ, ಧನಕುಟೆ, ಎಲ್ಲಾದ್ರಾಗೂ ಚಲೋದೂ ಅದಾವ, ಕೆಟ್ಟವೂ ಅದಾವ. ಧನಕುಟೆ ಒರಿ ಮ್ಯಾಲಿನ ಬೆಳ್ಳಿ ಕೆಲಸಕ್ಕ ರೊಕ್ಕ ಹೋಗತೈತಿ, ಅದು ಮದವಿ ಉಡುಗೊರಿಗೆ. ಖುಕುರಿ ತಿರವಿ ಬೆನ್ನಿನ ಮ್ಯಾಲಿಂದ ನೋಡಾಕ ಹೇಳ್ರಿ. ಬುಡದಿಂದ ಮೊನಿಗೆ ಇಳದ ಬಂದಿರಬೇಕು, ಎರಡೂ ಮಗ್ಗಲ ಸಮ. 10 ಇಂಚು ಅಲಗು, ಪಾನಾವಾಲ್ ಹಿಡಿ, 600ರಿಂದ 650 ಗ್ರಾಂ. ಫೌಜಿನ ಮಾರ್ಕ್ 3 ಪಾನಾವಾಲ್, ಅದಕ್ಕಿಂತ ಹಿಂದಿನ ಮಾರ್ಕ್ 2ಕ್ಕ ಬಾಲ ಹಿಡಿಯೊಳಗ ಹಾದಿರತೈತಿ; ಎರಡೂ ಯುದ್ಧ ಕಂಡು ಬಂದವು, ಹಂಗಾಗಿ ಬಾಲದ ಹಿಡಿ ಅಂದಕೂಡಲೆ ಬ್ಯಾಡ ಅನ್ನಬಾರದು. ಆದ್ರ ನಿಮ್ಮ ಕೈಗೆ ಭೋಜಪುರೆ ಕೂತೈತಿ, ಅದರ ತಮ್ಮನ್ನ ತರಸ್ರಿ. ಹಿಡಿ ಸಿಸೌ ಮರದ್ದಿರಲಿ, ನಮ್ಮ ಬೀಟಿಯ ಬಳಗದ್ದ ಅದು. ಎಮ್ಮಿ ಕೋಡಿನ ಹಿಡಿ ನೋಡಾಕ ಚಂದ, ನಿಮ್ಮ ಮಳಿಗಾಲ-ಬ್ಯಾಸಗಿಗೆ ಸೀಳತೈತಿ.

---

ಕಾಫಿತೋಟ (ನಾಪೋಕ್ಲು)

ಕಾನೂನಿನದೂ ಒಂದು ಸಾಲು ಸೇರಿಸುತ್ತೇನೆ. 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಅಲಗಿನ ಹರಿತ ಆಯುಧಗಳು ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿವೆ. ಮನೆಗೆಲಸ, ಕೃಷಿಯ ಕತ್ತಿಗಳಿಗೆ ವಿನಾಯಿತಿ ಇದೆ. ಬೆಟ್ಟದಲ್ಲಿ ಸೊಪ್ಪು ಕಡಿಯುವಾಗ ಯಾರೂ ಕೇಳುವುದಿಲ್ಲ. ಸೊಂಟಕ್ಕೆ ಸಿಕ್ಕಿಸಿ ಶಿರಸಿ ಪೇಟೆಗೆ ಬಂದರೆ ಕೇಳುತ್ತಾರೆ. ಕೊಡವರಿಗಿರುವ ವಿನಾಯಿತಿ ಬೇರೆಯದು, ಅದನ್ನು ನೋಡಿ ನೀವು ಧೈರ್ಯ ಮಾಡಬೇಡಿ. ವಿಮಾನದಲ್ಲಾದರೆ ಕೈಚೀಲದಲ್ಲಿ ಬಿಡುವುದಿಲ್ಲ, ಲಗೇಜಿಗೆ ಹಾಕಬೇಕು.

---

ಸೊಪ್ಪಿನಬೆಟ್ಟ (ಶಿರಸಿ)

ಅರ ಎಳೆದು ನೋಡಿದೆ. ಬೆನ್ನಿನಲ್ಲಿ ಕಚ್ಚುತ್ತದೆ, ಹೊಟ್ಟೆಯಲ್ಲಿ ಜಾರುತ್ತದೆ. ಮೊನೆಯಿಂದ ಒಂದು ಅಂಗುಲ ಮಾತ್ರ ಧಾರೆಯಲ್ಲೂ ಕಚ್ಚಿತು. ಅದು ದೋಷವೇ?

ಭಾವನಿಗೆ ಎಲ್ಲ ಓದಿ ಹೇಳಿದೆ. "ಅಂಗಡಿಯಲ್ಲಿ ನಿಂತು ಪೆನ್ಸಿಲ್, ದಾರ, ನಟ್ಟು ತೆಗೆದರೆ ನನ್ನನ್ನು ಹೊರಗೆ ಹಾಕುತ್ತಾರೆ" ಅಂದರು.

---

ಹಳೇ ಆರ್ಮರರ್ (ಗೋಕಾಕ)

ದೋಷ ಅಲ್ರಿ. ನೀರು ಬಿಡೂದು ಹೊಟ್ಟಿಗೆ, ಮೊನಿಗೆ ಕಡಿಮಿ. ಮೊನಿ ಗಡಸಾದ್ರ ಕಲ್ಲಿಗೆ ತಾಗಿದಾಗ ಚೂರು ಹಾರತೈತಿ, ಮೆತ್ತಗಿದ್ರ ಬಗ್ಗತೈತಿ, ಮತ್ತ ನೆಟ್ಟಗ ಬಡೀಬಹುದು. ಬಳಿ ಹತ್ತರದ ಧಾರಿಯೂ ಹಂಗ ಇರತೈತಿ, ನೋಡ್ರಿ ಬೇಕಾದ್ರ.

ಭಾವನೋರಿಗೆ ದಾರ ಬ್ಯಾಡ ಅನ್ರಿ, ತೋರುಬೆರಳು ಸಾಕು. ಬಳಿಯಿಂದ ಎರಡೂವರಿ ಇಂಚಿನ ಆಸುಪಾಸು ಬೆರಳಿನ ಮ್ಯಾಲ ನಿಂತ್ರ ಮುಂದಿನದು ನೋಡಬೇಕು, ನಿಲ್ಲಲಿಲ್ಲಂದ್ರ ಇಟ್ಟು ಬ್ಯಾರೆ ಎತ್ತಬೇಕು. ಆಮ್ಯಾಲ ಕೈ ಚಾಚಿ ಮೊನಿಯಿಂದ ಗಾಳಿಯೊಳಗ ಸಣ್ಣದೊಂದು 8 ಬರದು ತಟ್ಟನ ನಿಲ್ಲಸಬೇಕು. ಮೊನಿ ಅಲ್ಲೇ ನಿಂತ್ರ ರೊಕ್ಕ ಕೊಡ್ರಿ, ಮುಂದ ಓಡಿ ಹೋದ್ರ ಬಿಡ್ರಿ. ಧರಾನ್‌ದಾಗ ಪಿಂಚಣಿ ಬಂದ ಗೋರ್ಖಾ ಮಂದಿ ಭಾಳ ಅದಾರ, ಖುಕುರಿ ಕೊಳ್ಳೂವಾಗ ಅವರೂ ಹಿಂಗ ಮಾಡ್ತಾರ. ಅಂಗಡಿಯಾಂವ ಹೊರಗ ಹಾಕೂದಿಲ್ಲ, ಚಹಾ ತರಸತಾನ.

ಬೆನ್ನು ಇಳಸೂಕ ಮೊದಲ ಮ್ಯಾಲಿಂದ ಒಂದು ಫೋಟೋ ಹಾಕ್ರಿ, ಧಾರಿ ಕಡೆಯಿಂದ ಅಲ್ಲ, ಬೆನ್ನಿನ ಕಡೆಯಿಂದ.